ಡೊಮೇನ್ ನಮ್ಮ ಹೆಸರಿನಲ್ಲಿಲ್ಲ, ಅವಧಿ ಮುಗಿಯಲು 47 ದಿನ ಉಳಿದಿದೆ: ಏನು ಮಾಡಬೇಕು?

ಉಳಿಸುತ್ತಿಗೆ (ಮೊದಲ ದಿನ)

ಎಲ್ಲರಿಗೂ ನಮಸ್ಕಾರ. ನಾವಿಬ್ಬರು ಪಾಲುದಾರರು ಸೇರಿ ಮರದ ಪೀಠೋಪಕರಣ ಮಾಡಿಕೊಡುವ ಸಣ್ಣ ಸಂಸ್ಥೆಯೊಂದನ್ನು ಆರು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇವೆ. ಶುರುವಿನಲ್ಲಿ ವೆಬ್‌ಸೈಟ್ ಕಟ್ಟಿಕೊಟ್ಟವರೇ ನಮ್ಮ ಡೊಮೇನ್, ಅಂದರೆ ತಾಣದ ವಿಳಾಸವಾದ ಡಾಟ್ ಕಾಮ್ ಹೆಸರನ್ನೂ ನೋಂದಾಯಿಸಿದ್ದರು. ವರ್ಷಕ್ಕೊಮ್ಮೆ ಅವರಿಂದ ಬಿಲ್ ಬರುತ್ತಿತ್ತು, ನಾವು ಹಣ ಕಟ್ಟುತ್ತಿದ್ದೆವು, ಅಷ್ಟಕ್ಕೆ ಮುಗಿಯುತ್ತಿತ್ತು. ಈಗ ಮೂರು ತಿಂಗಳಿಂದ ಅವರ ಫೋನ್ ಹತ್ತುತ್ತಿಲ್ಲ. ಕಳುಹಿಸಿದ ಇಮೇಲ್ ವಾಪಸ್ಸೂ ಬರುವುದಿಲ್ಲ, ಅದಕ್ಕೆ ಉತ್ತರವೂ ಇಲ್ಲ.

ನಿನ್ನೆ ಸಾರ್ವಜನಿಕ ದಾಖಲೆಯನ್ನು ತೆಗೆದು ನೋಡಿದರೆ ರಿಜಿಸ್ಟ್ರಂಟ್ (ಹೆಸರನ್ನು ಬರೆಸಿಕೊಂಡವರು) ಎಂಬ ಸಾಲಿನಲ್ಲಿ ಅವರ ಸಂಸ್ಥೆಯ ಹೆಸರಿದೆ, ನಮ್ಮದಿಲ್ಲ. ಅವಧಿ ಮುಗಿಯಲು ಇನ್ನು 47 ದಿನಗಳಿವೆ. ಗ್ರಾಹಕರಿಗೆ ಹೋಗುವ ದರಪಟ್ಟಿ, ಬ್ಯಾಂಕಿನ ಪತ್ರಗಳು, ಮರ ಪೂರೈಸುವವರ ಲೆಕ್ಕ ಎಲ್ಲವೂ ಈ ಹೆಸರಿನ ಇಮೇಲ್‌ನಲ್ಲಿಯೇ ನಡೆಯುತ್ತಿವೆ. ಹಣ ಕಟ್ಟಿದವರು ನಾವಾದ್ದರಿಂದ ಹೆಸರು ನಮ್ಮದೇ ಅಲ್ಲವೇ? ಅವಧಿ ಮುಗಿದ ಮರುದಿನವೇ ನಾವೇ ಹೊಸದಾಗಿ ಕೊಂಡುಕೊಂಡರೆ ಆಗುವುದಿಲ್ಲವೇ? ತಿಳಿದವರು ದಾರಿ ತೋರಿಸಬೇಕಾಗಿ ಕೋರುತ್ತೇನೆ.

ಹಳೇ ಸರ್ವರ್

ಉಳಿಸುತ್ತಿಗೆ ಅವರೇ, ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅವಧಿ ಮುಗಿಯಲಿ ಎಂದು ಕಾಯುವುದೇ ಈಗ ನೀವು ಮಾಡಬಹುದಾದ ಅತಿ ದೊಡ್ಡ ತಪ್ಪು.

ಡಾಟ್ ಕಾಮ್ ಹೆಸರು ಅವಧಿ ಮುಗಿದ ಮರುದಿನ ಯಾರ ಕೈಗೂ ಸಿಗುವಂತೆ ಬೀದಿಗೆ ಬೀಳುವುದಿಲ್ಲ. ಮೊದಲಿಗೆ ಗರಿಷ್ಠ 45 ದಿನಗಳವರೆಗೆ ಅದು ರಿಜಿಸ್ಟ್ರಾರ್, ಅಂದರೆ ಹೆಸರನ್ನು ನೋಂದಾಯಿಸಿಕೊಡುವ ಕಂಪನಿಯ ಹತೋಟಿಯಲ್ಲಿಯೇ ಇರುತ್ತದೆ. ಈ ಹಂತದಲ್ಲಿಯೇ ಅನೇಕ ರಿಜಿಸ್ಟ್ರಾರ್‌ಗಳು ಹೆಸರನ್ನು ಹರಾಜಿಗೆ ಇಟ್ಟುಬಿಡುತ್ತಾರೆ. ಹರಾಜಾಗದೆ ಅಳಿಸಲ್ಪಟ್ಟರೆ 30 ದಿನಗಳ ರಿಡೆಂಪ್ಷನ್ ಅವಧಿ ಶುರುವಾಗುತ್ತದೆ. ಆಗ ಹೆಸರನ್ನು ಬಿಡಿಸಿಕೊಳ್ಳುವ ಹಕ್ಕು ಹಳೆಯ ರಿಜಿಸ್ಟ್ರಂಟ್‌ಗೆ ಮಾತ್ರ ಇರುತ್ತದೆ, ಶುಲ್ಕವೂ ಮಾಮೂಲಿ ನವೀಕರಣಕ್ಕಿಂತ ಬಹಳ ಹೆಚ್ಚು. ಕೊನೆಯ 5 ದಿನ ಯಾರೂ ಏನೂ ಮಾಡುವಂತಿಲ್ಲ. ಅದು ಮುಗಿದ ಗಳಿಗೆಯಲ್ಲಿ ಹೆಸರು ಬಿಡುಗಡೆಯಾಗುತ್ತದೆ ನಿಜ, ಆದರೆ ಬಿಡುಗಡೆಗಾಗಿಯೇ ಹೊಂಚು ಹಾಕಿರುವ ಕಂಪನಿಗಳ ಪ್ರೋಗ್ರಾಂಗಳು ಕಣ್ಣು ಮಿಟುಕಿಸುವುದರೊಳಗೆ ಅದನ್ನು ಎತ್ತಿಕೊಂಡಿರುತ್ತವೆ. ಆರು ವರ್ಷ ಬಳಕೆಯಲ್ಲಿದ್ದ, ಬೇರೆ ತಾಣಗಳಿಂದ ಕೊಂಡಿಗಳಿರುವ ಹೆಸರೆಂದರೆ ಅವುಗಳಿಗೆ ಹಬ್ಬದೂಟ.

ಇನ್ನು ಒಡೆತನದ ಪ್ರಶ್ನೆ. ಡಾಟ್ ಕಾಮ್‌ನ ಮೂಲ ಪಟ್ಟಿಯನ್ನು ವೆರಿಸೈನ್ ಎಂಬ ರಿಜಿಸ್ಟ್ರಿ ನೋಡಿಕೊಳ್ಳುತ್ತದೆ. ಡೊಮೇನ್ ಹೆಸರುಗಳ ನಿಯಮಗಳನ್ನು ನೋಡಿಕೊಳ್ಳುವ, 1998ರಲ್ಲಿ ಸ್ಥಾಪನೆಯಾದ ಐಕಾನ್ ಸಂಸ್ಥೆಯ ಮಾನ್ಯತೆ ಪಡೆದ ರಿಜಿಸ್ಟ್ರಾರ್‌ಗಳು ಅದರಲ್ಲಿ ಹೆಸರುಗಳನ್ನು ಬರೆಸುತ್ತಾರೆ. ಬರೆಸಿಕೊಂಡವರು ರಿಜಿಸ್ಟ್ರಂಟ್. ಅವರಿಗೂ ಸಿಗುವುದು ಒಂದು ಬಾರಿಗೆ ಹೆಚ್ಚೆಂದರೆ 10 ವರ್ಷಗಳ ಬಳಕೆಯ ಹಕ್ಕು ಮಾತ್ರ; ಶಾಶ್ವತವಾಗಿ ಕೊಂಡುಕೊಳ್ಳುವ ಏರ್ಪಾಡೇ ಇಲ್ಲ. ಆ ಹಕ್ಕಿಗೆ ಹಣ ಯಾರ ಜೇಬಿನಿಂದ ಬಂತು ಎಂಬುದನ್ನು ಈ ಏರ್ಪಾಡು ಕೇಳುವುದಿಲ್ಲ. ರಿಜಿಸ್ಟ್ರಾರ್ ದೃಷ್ಟಿಯಲ್ಲಿ ಇವತ್ತು ನೀವು ಹೊರಗಿನವರು, ನವೀಕರಣದ ನೆನಪೋಲೆಗಳೂ ನಿಮಗೆ ಬರುವುದಿಲ್ಲ. ಐಕಾನ್ ನಿಯಮದಂತೆ ಅವಧಿಗೆ ಸುಮಾರು ಒಂದು ತಿಂಗಳು ಮುಂಚೆ, ಒಂದು ವಾರ ಮುಂಚೆ, ಮತ್ತು ಮುಗಿದ 5 ದಿನಗಳೊಳಗೆ ಸೂಚನೆ ಕಳುಹಿಸಲೇಬೇಕು, ಆದರೆ ಅದೆಲ್ಲ ಹೋಗುವುದು ದಾಖಲೆಯಲ್ಲಿರುವ ವಿಳಾಸಕ್ಕೆ.

ದಾಖಲೆ ಓದುವಾಗ ಒಂದು ಎಚ್ಚರಿಕೆ. ಅವಧಿ ಮುಗಿದ ತಕ್ಷಣ ರಿಜಿಸ್ಟ್ರಿಯ ಪಟ್ಟಿಯಲ್ಲಿ ದಿನಾಂಕ ತಾನಾಗಿಯೇ ಒಂದು ವರ್ಷ ಮುಂದಕ್ಕೆ ಹೋಗಿ ಕಾಣಿಸುತ್ತದೆ. ಅದನ್ನು ನೋಡಿ ಯಾರೋ ನವೀಕರಿಸಿದ್ದಾರೆಂದು ನೆಮ್ಮದಿಯಿಂದ ಕೂತವರನ್ನು ನಾನು ಕಂಡಿದ್ದೇನೆ. ರಿಜಿಸ್ಟ್ರಾರ್ ತನ್ನ ದಾಖಲೆಯಲ್ಲಿ ತೋರಿಸುವ ದಿನಾಂಕವನ್ನೇ ನಂಬಿ.

ವೆಬ್ ಕೆಲಸಗಾರ

ನಾನೂ ಇದೇ ಕಸುಬಿನವನಾದ್ದರಿಂದ ಇನ್ನೊಂದು ಕಡೆಯ ಮಾತನ್ನೂ ಹೇಳುವುದು ನ್ಯಾಯವೆನಿಸುತ್ತದೆ. ಗ್ರಾಹಕರ ಹೆಸರನ್ನು ನಮ್ಮ ಖಾತೆಯಲ್ಲಿ ನೋಂದಾಯಿಸುವವರೆಲ್ಲರೂ ಮೋಸಗಾರರಲ್ಲ. ನಿಮ್ಮ ಹೆಸರಿನಲ್ಲಿ ಖಾತೆ ತೆರೆಯಿರಿ ಎಂದು ಹತ್ತು ಸಲ ಹೇಳಿದರೂ ತೆರೆಯದವರಿಗೆ, ನೀವೇ ನೋಡಿಕೊಳ್ಳಿ ಎನ್ನುವವರಿಗೆ, ಕೆಲಸ ನಿಲ್ಲಬಾರದೆಂದು ನಾವೇ ಮಾಡಿಕೊಟ್ಟಿರುತ್ತೇವೆ. ನನ್ನ ಒಂದೇ ಖಾತೆಯಲ್ಲಿ ಒಂದು ಕಾಲಕ್ಕೆ ನಲವತ್ತಕ್ಕೂ ಹೆಚ್ಚು ಗ್ರಾಹಕರ ಹೆಸರುಗಳಿದ್ದವು. ಖಾತೆಗೆ ಜೋಡಿಸಿದ್ದ ಕಾರ್ಡಿನ ಅವಧಿ ಮುಗಿದು, ಸ್ವಯಂ ನವೀಕರಣ ವಿಫಲವಾಗಿ, ಒಬ್ಬ ಗ್ರಾಹಕರ ತಾಣ ಮತ್ತು ಇಮೇಲ್ ಎರಡು ದಿನ ಸ್ತಬ್ಧವಾದ ಮೇಲೆಯೇ ನನಗೆ ಬುದ್ಧಿ ಬಂದದ್ದು. ಸ್ವಯಂ ನವೀಕರಣ ಹಾಕಿದ್ದೇನೆ ಎಂದು ಹೇಳುವವರನ್ನು ಯಾವ ಕಾರ್ಡಿಗೆ ಎಂದು ಕೇಳುವುದು ಅಂದಿನಿಂದ ನನ್ನ ಅಭ್ಯಾಸ.

ಆದ್ದರಿಂದ ಮೊದಲ ಪತ್ರದಲ್ಲಿಯೇ ವಕೀಲರ ಭಾಷೆ ಬೇಡ. ಹೆಸರನ್ನು ಒಂದು ವರ್ಷಕ್ಕೆ ನವೀಕರಿಸಿ, ರಿಜಿಸ್ಟ್ರಂಟ್ ವಿವರಗಳನ್ನು ನಮ್ಮ ಸಂಸ್ಥೆಗೆ ಬದಲಾಯಿಸಿ, ಆಮೇಲೆ ವರ್ಗಾವಣೆಯ ಗುಪ್ತಸಂಕೇತವನ್ನು ಕೊಡಿ ಎಂದು ನೇರವಾಗಿ, ಈ ಕ್ರಮದಲ್ಲಿಯೇ ಕೇಳಿ. ಕ್ರಮ ಏಕೆಂದರೆ, ರಿಜಿಸ್ಟ್ರಂಟ್ ಹೆಸರು ಬದಲಾದ ಮೇಲೆ 60 ದಿನಗಳ ಕಾಲ ಬೇರೆ ರಿಜಿಸ್ಟ್ರಾರ್‌ಗೆ ವರ್ಗಾಯಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಅದು ಬೇಡವೆಂದು ಮೊದಲೇ ಆಯ್ದುಕೊಳ್ಳುವ ಅವಕಾಶವನ್ನು ಕೆಲವರು ಕೊಡುತ್ತಾರೆ, ಎಲ್ಲರೂ ಅಲ್ಲ. ನವೀಕರಣ ಮೊದಲು ಆಗಿಬಿಟ್ಟರೆ ಈ ಬೀಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಲೆಕ್ಕದ ಪುಸ್ತಕ

ಕಳೆದ ಆರು ವರ್ಷಗಳ ಬಿಲ್‌ಗಳನ್ನೂ ಹಣ ಸಂದಾಯವಾದ ಬ್ಯಾಂಕ್ ದಾಖಲೆಗಳನ್ನೂ ಇವತ್ತೇ ಒಂದು ಕಡೆ ಕೂಡಿಸಿಡಿ. ಬಿಲ್‌ನಲ್ಲಿ ಡೊಮೇನ್ ಎಂಬ ಸಾಲು ಪ್ರತ್ಯೇಕವಾಗಿದೆಯೇ ಅಥವಾ ವೆಬ್‌ಸೈಟ್ ನಿರ್ವಹಣೆ ಎಂಬುದರೊಳಗೆ ಸೇರಿಹೋಗಿದೆಯೇ ಎಂಬುದನ್ನು ನೋಡಿ ತಿಳಿಸಿ. ಮುಂದೆ ಬೇಕಾಗುತ್ತದೆ.

ಉಳಿಸುತ್ತಿಗೆ (ನಾಲ್ಕನೆಯ ದಿನ)

ಎಲ್ಲರ ಉತ್ತರಗಳಿಗೆ ಕೃತಜ್ಞತೆಗಳು. ಮೊದಲ ವರ್ಷದ ಬಿಲ್ ಸಿಕ್ಕಿತು. ಅದರಲ್ಲಿ ‘ನಿಮ್ಮ ಸಂಸ್ಥೆಯ ಪರವಾಗಿ ಡೊಮೇನ್ ನೋಂದಣಿ’ ಎಂದು ಬೇರೆಯೇ ಸಾಲಿದೆ. ಉಳಿದ ವರ್ಷಗಳಲ್ಲಿ ಬರೀ ನಿರ್ವಹಣೆ ಎಂದಿದೆ.

ಈ ನಡುವೆ ನಾವು ಕೇಳಿಯೇ ಇರದ ಕಂಪನಿಯೊಂದರಿಂದ ಇಮೇಲ್ ಬಂದಿದೆ. ಡೊಮೇನ್ ಅವಧಿ ಮುಗಿಯುತ್ತಿದೆ, ಕೂಡಲೇ ಹಣ ಕಟ್ಟಿ ಎಂದು ಬಿಲ್‌ನ ರೂಪದಲ್ಲಿಯೇ ಇದೆ. ಇನ್ನೊಂದರಲ್ಲಿ, ಬೇರೆ ದೇಶದ ವಿಸ್ತರಣೆಗಳಲ್ಲಿ (ಹೆಸರಿನ ಕೊನೆಯ ಡಾಟ್ ನಂತರದ ಭಾಗ) ನಿಮ್ಮ ಹೆಸರನ್ನು ಯಾರೋ ಕೇಳುತ್ತಿದ್ದಾರೆ, ಮೊದಲ ಅವಕಾಶ ನಿಮಗೇ ಕೊಡುತ್ತೇವೆ ಎಂದಿದೆ. ಮೊದಲನೆಯದಕ್ಕೆ ಹಣ ಕಟ್ಟಿದರೆ ನವೀಕರಣವಾದರೂ ಆದೀತೇ ಎಂದು ಪಾಲುದಾರರು ಕೇಳುತ್ತಿದ್ದಾರೆ. ವೆಬ್‌ಸೈಟ್ ಕಟ್ಟಿಕೊಟ್ಟವರ ರಿಜಿಸ್ಟ್ರಾರ್ ಖಾತೆಯ ಬಳಕೆದಾರರ ಹೆಸರು ಹಳೆಯ ಕಾಗದವೊಂದರಲ್ಲಿ ಸಿಕ್ಕಿದ್ದರಿಂದ, ಪಾಸ್‌ವರ್ಡ್ ಮರೆತಿದೆ ಎಂಬುದನ್ನು ಒತ್ತಿ ಪ್ರಯತ್ನಿಸೋಣವೇ ಎಂಬ ಯೋಚನೆಯೂ ಇದೆ.

ಹಳೇ ಸರ್ವರ್

ದಯವಿಟ್ಟು ಆ ಗುಂಡಿಯನ್ನು ಒತ್ತಬೇಡಿ. ಅದು ನಿಮ್ಮ ಖಾತೆಯಲ್ಲ ಎಂಬುದು ಒಂದು ಕಾರಣ, ಅದೇ ಸಾಕು. ಇನ್ನೊಂದಿದೆ. ಅವರಿಗೆ ಕಳುಹಿಸಿದ ಇಮೇಲ್ ವಾಪಸ್ಸೂ ಬರುವುದಿಲ್ಲ ಎಂದು ಮೊದಲ ದಿನ ಬರೆದಿದ್ದಿರಿ. ಅವರ ಇಮೇಲ್ ಅವರದೇ ಸಂಸ್ಥೆಯ ಡೊಮೇನ್‌ನಲ್ಲಿದೆಯೇ? ಇದ್ದರೆ ಆ ಡೊಮೇನ್ ಈಗ ಯಾರ ಬಳಿ ಇದೆಯೆಂದು ದಾಖಲೆಯಲ್ಲಿ ನೋಡಿ.

ಕೇಳಲು ಕಾರಣ ಹೇಳುತ್ತೇನೆ. ಒಂದು ಡೊಮೇನ್ ಕೈತಪ್ಪಿದರೆ ವೆಬ್‌ಸೈಟ್ ಹೋಯಿತೆಂದಷ್ಟೇ ಜನ ಚಿಂತಿಸುತ್ತಾರೆ. ವೆಬ್‌ಸೈಟನ್ನು ಮತ್ತೊಂದು ಹೆಸರಿನಲ್ಲಿ ಒಂದು ಮಧ್ಯಾಹ್ನದಲ್ಲಿ ನಿಲ್ಲಿಸಬಹುದು. ಹೋಗುವುದು ಇಮೇಲ್. ಹೊಸದಾಗಿ ಹೆಸರನ್ನು ಹಿಡಿದವರು ಯಾವ ವಿಳಾಸಕ್ಕೆ ಬಂದ ಪತ್ರವೂ ಒಂದೇ ಪೆಟ್ಟಿಗೆಗೆ ಬೀಳುವಂತೆ ಹೊಂದಿಸಿಕೊಂಡರೆ, ಹಳೆಯ ಸಂಸ್ಥೆಯ ಪ್ರತಿಯೊಬ್ಬರಿಗೂ ಬರುವ ಪತ್ರಗಳು ಅವರ ಮುಂದೆ ಬಂದು ಬೀಳುತ್ತವೆ. ಯಾರೂ ಹ್ಯಾಕ್ ಮಾಡಬೇಕಾಗಿಲ್ಲ, ಪತ್ರಗಳು ತಾವಾಗಿ ನಡೆದುಬರುತ್ತವೆ. ಆ ಪತ್ರಗಳಲ್ಲಿ ಪಾಸ್‌ವರ್ಡ್ ಬದಲಾಯಿಸುವ ಕೊಂಡಿಗಳೂ ಇರುತ್ತವೆ. ನೀವು ಆ ಗುಂಡಿ ಒತ್ತಿದ್ದರೆ ನಿಮ್ಮ ಡೊಮೇನ್ ಇರುವ ಖಾತೆಯ ಬೀಗದ ಕೈಯನ್ನು ಅಪರಿಚಿತರೊಬ್ಬರ ಅಂಚೆಪೆಟ್ಟಿಗೆಗೆ ನೀವೇ ಹಾಕಿದಂತಾಗುತ್ತಿತ್ತು.

ಆ ಎರಡು ಇಮೇಲ್‌ಗಳು ಶುದ್ಧ ವಂಚನೆ. ದಾಖಲೆಯಲ್ಲಿರುವ ರಿಜಿಸ್ಟ್ರಾರ್ ಹೆಸರಿಗೂ ಬಿಲ್ ಕಳುಹಿಸಿದವರ ಹೆಸರಿಗೂ ತಾಳೆ ನೋಡಿ. ತಾಳೆಯಾಗದಿದ್ದರೆ ಕಸದ ಬುಟ್ಟಿಗೆ ಹಾಕಿ. ನಿಮ್ಮ ನಿಜವಾದ ರಿಜಿಸ್ಟ್ರಾರ್‌ಗೆ ಬೇರೆಯವರು ನವೀಕರಣದ ಹಣ ಕಟ್ಟಬಹುದೇ ಎಂಬುದು ಮಾತ್ರ ಕೇಳಬೇಕಾದ ಪ್ರಶ್ನೆಯೇ. 1999ರ ಕ್ರಿಸ್‌ಮಸ್ ಹೊತ್ತಿನಲ್ಲಿ ಮೈಕ್ರೋಸಾಫ್ಟ್ ಕಂಪನಿ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರನ್ನು ನವೀಕರಿಸಲು ಮರೆತು, ಅದರ ಇಮೇಲ್ ಸೇವೆಯಾದ ಹಾಟ್‌ಮೇಲ್‌ಗೆ ಲಾಗಿನ್ ಆಗುವುದೇ ಅನೇಕರಿಗೆ ಸಾಧ್ಯವಾಗದೆ ಹೋದಾಗ, ಮೈಕೆಲ್ ಚೇನಿ ಎಂಬ ಲಿನಕ್ಸ್ ಪ್ರೋಗ್ರಾಮರ್ ತಮ್ಮ ಕಾರ್ಡಿನಿಂದ 35 ಡಾಲರ್ ಕಟ್ಟಿ ಅದನ್ನು ಸರಿಪಡಿಸಿದರು. ಅವರು ಮೈಕ್ರೋಸಾಫ್ಟ್ ನೌಕರರಾಗಿರಲಿಲ್ಲ. ಈಗ ಕೆಲವು ರಿಜಿಸ್ಟ್ರಾರ್‌ಗಳು ಹಾಗೆ ಹಣ ಪಡೆಯುತ್ತಾರೆ, ಕೆಲವರು ಪಡೆಯುವುದಿಲ್ಲ. ಪಡೆದರೂ ಅದರಿಂದ ನಿಮಗೆ ಸಮಯ ಸಿಗುತ್ತದೆಯೇ ಹೊರತು ಒಡೆತನ ಸಿಗುವುದಿಲ್ಲ.

ಕಟಕಟೆ

ಕಾನೂನಿನ ಭಾಗವನ್ನು ನಾನು ಹೇಳುತ್ತೇನೆ. ಡೊಮೇನ್ ಹೆಸರುಗಳ ವ್ಯಾಜ್ಯಕ್ಕಾಗಿ ಐಕಾನ್ 1999ರಲ್ಲಿ ಯುಡಿಆರ್‌ಪಿ ಎಂಬ ನೀತಿಯನ್ನು ತಂದಿತು. ನ್ಯಾಯಾಲಯದ ಮೆಟ್ಟಿಲು ಹತ್ತದೆ, ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯಂತಹ ಮಾನ್ಯ ಕೇಂದ್ರಗಳ ಮುಂದೆ ದೂರು ಕೊಡಬಹುದು. ಅದರಡಿಯಲ್ಲಿ ತೀರ್ಮಾನವಾದ ಮೊದಲ ಪ್ರಕರಣ ವರ್ಲ್ಡ್ ರೆಸ್ಲಿಂಗ್ ಫೆಡರೇಶನ್‌ನದು. ಅದರ ಹೆಸರನ್ನು ನೋಂದಾಯಿಸಿ ಅದಕ್ಕೇ ಮಾರಲು ಹೊರಟಿದ್ದ ವ್ಯಕ್ತಿಯಿಂದ 2000ದ ಜನವರಿಯಲ್ಲಿ ಹೆಸರನ್ನು ವರ್ಗಾಯಿಸಲು ಆದೇಶವಾಯಿತು.

ಆದರೆ ಇಲ್ಲಿ ದೂರುದಾರರು ಮೂರು ಸಂಗತಿಗಳನ್ನು ಒಟ್ಟಿಗೇ ಸಾಧಿಸಬೇಕು: ಡೊಮೇನ್ ತಮ್ಮ ಟ್ರೇಡ್‌ಮಾರ್ಕ್‌ನಂತೆಯೇ ಇದೆ ಅಥವಾ ಗೊಂದಲ ಹುಟ್ಟಿಸುವಷ್ಟು ಅದಕ್ಕೆ ಹತ್ತಿರವಿದೆ, ಎದುರಾಳಿಗೆ ಅದರಲ್ಲಿ ನ್ಯಾಯಯುತ ಹಿತಾಸಕ್ತಿಯಿಲ್ಲ, ಮತ್ತು ಎದುರಾಳಿ ಅದನ್ನು ದುರುದ್ದೇಶದಿಂದಲೇ ನೋಂದಾಯಿಸಿ ದುರುದ್ದೇಶದಿಂದಲೇ ಬಳಸುತ್ತಿದ್ದಾರೆ. ಮೂರನೆಯದೇ ಇಲ್ಲಿ ತೊಡಕು. ವೆಬ್‌ಸೈಟ್ ಕಟ್ಟಿಕೊಟ್ಟವರು ಈ ಹೆಸರನ್ನು ನೋಂದಾಯಿಸಿದ್ದು ಉಳಿಸುತ್ತಿಗೆ ಅವರೇ ಹೇಳಿದ್ದರಿಂದ. ಅಂದು ದುರುದ್ದೇಶವಿತ್ತೆಂದು ತೋರಿಸುವುದು ಕಷ್ಟ. ಇದು ಒಪ್ಪಂದದ ವ್ಯಾಜ್ಯ, ನ್ಯಾಯಾಲಯಕ್ಕೆ ಹೋಗಿ ಎಂದು ದೂರನ್ನು ತಳ್ಳಿಹಾಕುವ ಸಾಧ್ಯತೆಯಿದೆ. ಗೆದ್ದರೂ ಹೆಸರು ವರ್ಗಾವಣೆಯಾಗುತ್ತದೆ ಅಥವಾ ರದ್ದಾಗುತ್ತದೆ, ಅಷ್ಟೇ, ನಷ್ಟಪರಿಹಾರ ಸಿಗುವುದಿಲ್ಲ. ಹಾಗಾಗಿ ನಿಮ್ಮ ಬಲ ಇರುವುದು ‘ಪರವಾಗಿ’ ಎಂಬ ಪದವಿರುವ ಆ ಒಂದು ಬಿಲ್‌ನಲ್ಲಿ. ಅದರ ಮೂಲಪ್ರತಿಯನ್ನು ಜೋಪಾನ ಮಾಡಿ.

ಇನ್ನೊಂದು ಮಾತು. ಸಂಸ್ಥೆಯನ್ನು ಒಂದು ಹೆಸರಿನಲ್ಲಿ ನೋಂದಾಯಿಸಿದರೆ ಟ್ರೇಡ್‌ಮಾರ್ಕ್ ತಾನಾಗಿ ಬರುವುದಿಲ್ಲ. ಡೊಮೇನ್ ಕೊಂಡರೂ ಬರುವುದಿಲ್ಲ. ಮೂರೂ ಬೇರೆ ಬೇರೆ ಪುಸ್ತಕಗಳು, ಒಂದು ಇನ್ನೊಂದನ್ನು ನೋಡಿ ಬರೆದುಕೊಳ್ಳುವುದಿಲ್ಲ. ಮುಂದೆ ನಿಜವಾದ ಕಳ್ಳನೊಬ್ಬ ಬಂದರೆ ಯುಡಿಆರ್‌ಪಿಯ ಬಾಗಿಲು ತಟ್ಟಲು ಟ್ರೇಡ್‌ಮಾರ್ಕ್ ಕೈಯಲ್ಲಿರಬೇಕು.

ಗಿರಾಕಿ

ಇಷ್ಟೆಲ್ಲ ರಗಳೆ ಏಕೆ? ಡಾಟ್ ನೆಟ್, ಡಾಟ್ ಆರ್ಗ್, ಡಾಟ್ ಐಒ, ಒಂದಕ್ಷರ ತಪ್ಪಾಗಿ ಬರೆದ ರೂಪಗಳು, ಎಲ್ಲವನ್ನೂ ಈಗಲೇ ಕೊಂಡಿಟ್ಟುಕೊಂಡರೆ ಡಾಟ್ ಕಾಮ್ ಹೋದರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಳೇ ಸರ್ವರ್

ಗಿರಾಕಿ ಅವರೇ, ಇದನ್ನು ನಾನು ಒಪ್ಪಲಾರೆ. ಹತ್ತಕ್ಷರದ ಒಂದು ಹೆಸರಿನಲ್ಲಿ ಒಂದಕ್ಷರವನ್ನು ಬೇರೆ ಇಂಗ್ಲಿಷ್ ಅಕ್ಷರಕ್ಕೆ ಬದಲಿಸುವ ತಪ್ಪುಗಳೇ 250 ಆಗುತ್ತವೆ. ಅಕ್ಷರ ಬಿಟ್ಟುಹೋಗುವುದು, ಎರಡು ಸಲ ಬೀಳುವುದು, ನಡುವೆ ಅಡ್ಡಗೆರೆ ಬರುವುದು ಇವೆಲ್ಲ ಬೇರೆ. ಇದಕ್ಕೆ ಕೊನೆಯಿಲ್ಲ. ನೋಡಲು ಒಂದೇ ತೆರನಾದ ಬೇರೆ ಲಿಪಿಯ ಅಕ್ಷರಗಳೂ ಇವೆ. 2017ರಲ್ಲಿ ಒಬ್ಬ ಸಂಶೋಧಕರು ಸಿರಿಲಿಕ್ ಅಕ್ಷರಗಳಲ್ಲಿ ಆಪಲ್ ಡಾಟ್ ಕಾಮ್‌ನಂತೆಯೇ ಕಾಣುವ ಹೆಸರನ್ನು ನೋಂದಾಯಿಸಿ, ಕೆಲವು ಬ್ರೌಸರ್‌ಗಳಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲವೆಂದು ತೋರಿಸಿದ್ದರು. ಜನ ನಿಜವಾಗಿ ಮಾಡುವ ಒಂದೆರಡು ತಪ್ಪುಗಳನ್ನು, ಬೇಕಿದ್ದರೆ ನಿಮ್ಮ ದೇಶದ ವಿಸ್ತರಣೆಯೊಂದನ್ನು ಕೊಂಡರೆ ಸಾಕು. ಇಪ್ಪತ್ತು ಹೆಸರು ಕೊಂಡವರು ಇಪ್ಪತ್ತು ನವೀಕರಣಗಳನ್ನೂ ನೆನಪಿಡಬೇಕು, ಒಂದನ್ನೇ ನೆನಪಿಡಲಾಗದ ನಮ್ಮಂಥವರು.

ಚೆಂದಕ್ಕೆಂದು ಬೇರೆ ದೇಶದ ಎರಡಕ್ಷರದ ವಿಸ್ತರಣೆ ಕೊಳ್ಳುವವರು ಆ ದೇಶದ ನಿಯಮವನ್ನೂ ಕೊಂಡಂತೆ. 2010ರಲ್ಲಿ ವಿಬಿ ಡಾಟ್ ಎಲ್‌ವೈ ಎಂಬ ಹೆಸರನ್ನು ಲಿಬಿಯಾ ಕಿತ್ತುಕೊಂಡಿತು. ಅದೇ ವರ್ಷ ಯುಗೊಸ್ಲಾವಿಯಾದ ಡಾಟ್ ವೈಯು ವಿಸ್ತರಣೆಯೇ ಪಟ್ಟಿಯಿಂದ ಅಳಿದುಹೋಯಿತು. ದೇಶ ಇಲ್ಲವಾದ ಮೇಲೆ ಅದರ ಅಕ್ಷರಗಳೂ ಉಳಿಯಲಿಲ್ಲ.

ಆ ಹಣವನ್ನು ಖಾತೆಯ ಭದ್ರತೆಗೆ ಹಾಕಿ ಎಂಬುದು ನನ್ನ ಸಲಹೆ. ಹೆಸರುಗಳನ್ನು ಕದಿಯುವವರು ರಿಜಿಸ್ಟ್ರಿಯ ಯಂತ್ರಗಳನ್ನು ಮುರಿಯಲು ಹೋಗುವುದಿಲ್ಲ, ಮನುಷ್ಯರನ್ನು ನಂಬಿಸುತ್ತಾರೆ. ಗ್ಯಾರಿ ಕ್ರೆಮೆನ್ ಎಂಬುವರು 1994ರಲ್ಲಿ ನೋಂದಾಯಿಸಿದ್ದ ಬೆಲೆಬಾಳುವ ಹೆಸರೊಂದು ಮರುವರ್ಷ ಒಂದು ನಕಲಿ ಪತ್ರದ ಬಲದಿಂದ ಬೇರೆಯವರ ಪಾಲಾಗಿತ್ತು; ಅದನ್ನು ಮರಳಿ ಪಡೆಯಲು ಅವರು ವರ್ಷಗಟ್ಟಲೆ ನ್ಯಾಯಾಲಯ ಸುತ್ತಿದರು. 2013ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ತಾಣ ಬೇರೆಡೆಗೆ ತಿರುಗಿದ್ದು, ಅದರ ರಿಜಿಸ್ಟ್ರಾರ್‌ನ ಮರುಮಾರಾಟಗಾರರೊಬ್ಬರ ಲಾಗಿನ್ ವಿವರಗಳು ಕಳುವಾದದ್ದರಿಂದ. 2021ರ ಜನವರಿಯಲ್ಲಿ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ತಾಣ ಪರ್ಲ್ ಡಾಟ್ ಕಾಮ್ ಕೂಡ ಹೀಗೆಯೇ ಕೈತಪ್ಪಿ ಕೆಲವು ದಿನಗಳ ನಂತರ ಮರಳಿತು. ಎರಡು ಹಂತದ ಲಾಗಿನ್ ಹಾಕುವುದು, ವರ್ಗಾವಣೆಯ ಬೀಗವನ್ನು ಸದಾ ಹಾಕಿಡುವುದು ಎಲ್ಲರೂ ಮಾಡಬಹುದಾದ ಕೆಲಸ. ದೊಡ್ಡ ಸಂಸ್ಥೆಗಳು ಇದರ ಮೇಲೆ ರಿಜಿಸ್ಟ್ರಿ ಮಟ್ಟದ ಬೀಗವನ್ನೂ ಹಾಕಿಸುತ್ತವೆ. ಅದನ್ನು ತೆಗೆಯಲು ಮನುಷ್ಯರು ಮನುಷ್ಯರನ್ನು ಗುರುತಿಸಿ ಒಪ್ಪಬೇಕು.

ಮತ್ತೊಂದನ್ನು ಬಹಳ ಜನ ಕಡೆಗಣಿಸುತ್ತಾರೆ. ಡೊಮೇನ್ ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನ್‌ನದಾಗಿರಬಾರದು. ಹೆಸರು ನಿಂತ ದಿನ ಇಮೇಲ್ ನಿಲ್ಲುತ್ತದೆ, ಹೆಸರನ್ನು ಎಬ್ಬಿಸುವ ಪತ್ರ ಆ ನಿಂತ ಇಮೇಲ್‌ಗೇ ಬರುತ್ತದೆ. ಮನೆಯ ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲು ಹಾಕಿಕೊಂಡು ಬಂದಂತೆ.

ಉಳಿಸುತ್ತಿಗೆ (ಇಪ್ಪತ್ತಾರನೆಯ ದಿನ)

ಬಹಳ ದಿನ ಬರೆಯದಿದ್ದುದಕ್ಕೆ ಕ್ಷಮಿಸಬೇಕು. ಹಳೇ ಸರ್ವರ್ ಅವರ ಊಹೆ ನಿಜವಾಗಿತ್ತು. ವೆಬ್‌ಸೈಟ್ ಮಾಡಿದವರ ಡೊಮೇನ್ ಅವಧಿ ಮುಗಿದು ಐದು ತಿಂಗಳ ಹಿಂದೆಯೇ ಬೇರೆ ಯಾರದೋ ಕೈಗೆ ಹೋಗಿದೆ. ನಾವು ಕಳುಹಿಸಿದ ಪತ್ರಗಳು ಇಷ್ಟು ದಿನ ಎಲ್ಲಿಗೆ ಹೋದವೋ ತಿಳಿಯದು. ಒಂದರಲ್ಲಿ ಬ್ಯಾಂಕ್ ಖಾತೆಯ ವಿವರವೂ ಇತ್ತು.

ಪರಿಚಿತರ ಮೂಲಕ ಅವರ ಹೊಸ ಫೋನ್ ಸಂಖ್ಯೆ ಸಿಕ್ಕಿತು. ಅವರು ಆ ವ್ಯವಹಾರವನ್ನು ಮುಚ್ಚಿ ಬೇರೆ ಕೆಲಸಕ್ಕೆ ಸೇರಿದ್ದಾರೆ, ನಮ್ಮ ಹೆಸರು ತಮ್ಮ ಖಾತೆಯಲ್ಲಿದೆ ಎಂಬುದೇ ಅವರಿಗೆ ಮರೆತಿತ್ತು. ವೆಬ್ ಕೆಲಸಗಾರ ಅವರು ಹೇಳಿದ ಕ್ರಮದಲ್ಲಿಯೇ ಕೇಳಿದೆವು, ತಕ್ಷಣ ಒಪ್ಪಿದರು. ಆದರೆ ಪಾಸ್‌ವರ್ಡ್ ಅವರಿಗೂ ನೆನಪಿರಲಿಲ್ಲ, ಹೊಸದು ಪಡೆಯಬೇಕಾದ ಇಮೇಲ್ ಪರರ ಪಾಲಾಗಿತ್ತು. ಕೊನೆಗೆ ಅವರ ಗುರುತಿನ ದಾಖಲೆ, ಮುಚ್ಚಿದ ಸಂಸ್ಥೆಯ ಕಾಗದಗಳು ಮತ್ತು ನಮ್ಮ ಆ ಮೊದಲ ಬಿಲ್ ಎಲ್ಲವನ್ನೂ ರಿಜಿಸ್ಟ್ರಾರ್‌ಗೆ ಕಳುಹಿಸಿದ ಮೇಲೆ, ಒಂಬತ್ತನೆಯ ದಿನ ಖಾತೆ ಅವರ ಕೈಗೆ ಮರಳಿತು.

ಅದೇ ಸಂಜೆ ಮೊದಲು ನವೀಕರಿಸಿದರು, ನಂತರ ರಿಜಿಸ್ಟ್ರಂಟ್ ವಿವರ ಬದಲಾಯಿಸಿದರು. ನಮಗೆ ಇಮೇಲ್ ಖಚಿತಪಡಿಸುವ ಕೊಂಡಿ ಬಂತು. 15 ದಿನಗಳೊಳಗೆ ಒತ್ತದಿದ್ದರೆ ಹೆಸರನ್ನು ತಡೆಹಿಡಿಯಬಹುದೆಂದು ಇಲ್ಲೊಂದು ಹಳೆಯ ಚರ್ಚೆಯಲ್ಲಿ ಓದಿದ್ದರಿಂದ ಕೂಡಲೇ ಒತ್ತಿದೆವು. ಈಗ ಹೆಸರು ಅದೇ ರಿಜಿಸ್ಟ್ರಾರ್‌ನಲ್ಲಿ ನಾವು ತೆರೆದ ಖಾತೆಗೆ ಬಂದಿದೆ. 60 ದಿನಗಳ ಬೀಗ ಬಿದ್ದಿದೆ, ಬೀಳಲಿ. ಬೇರೆಡೆಗೆ ಹೋಗುವ ಅವಸರ ನಮಗಿಲ್ಲ.

ಕಟಕಟೆ

ಸಂತೋಷ. ಆ ಬ್ಯಾಂಕ್ ವಿವರದ ಬಗ್ಗೆ ಇವತ್ತೇ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ. ಟ್ರೇಡ್‌ಮಾರ್ಕ್ ಅರ್ಜಿಯನ್ನು ಮುಂದೂಡಬೇಡಿ.

ಹಳೇ ಸರ್ವರ್

ಒಳ್ಳೆಯದಾಯಿತು. ಒಂದೇ ಪ್ರಶ್ನೆ ಉಳಿದಿದೆ. ಹೊಸ ಖಾತೆಗೆ ಎರಡು ಹಂತದ ಲಾಗಿನ್ ಹಾಕಿರಬೇಕು. ಆ ಸಂಕೇತ ಯಾರ ಫೋನಿಗೆ ಬರುತ್ತದೆ?

ಉಳಿಸುತ್ತಿಗೆ

ನನ್ನ ಫೋನಿಗೆ ಮಾತ್ರ. ಪ್ರಶ್ನೆ ಅರ್ಥವಾಯಿತು. ನಾಳೆ ಪಾಲುದಾರರ ಫೋನಿನಲ್ಲಿಯೂ ಹೊಂದಿಸಿ, ತುರ್ತು ಸಂಕೇತಗಳನ್ನು ಮುದ್ರಿಸಿ ಆ ಮೊದಲ ಬಿಲ್ ಇರುವ ಕಡತದಲ್ಲಿಯೇ ಇಡುತ್ತೇವೆ.